ಪರದೇಶದ ವಿದ್ಯಾರ್ಥಿಯೂ ಅಲ್ಲಿಯ ರಾಜಕಾರಣವೂ

ವಿದ್ಯಾರ್ಜನೆಗಾಗಿ ಪರದೇಶಕ್ಕೆ ಹೊರಟು ನಿಂತ ತರುಣರಿಗೆ ಹಿರಿಯರು ಹೇಳಿ ಕಳಿಸುವ ಬುದ್ಧಿಮಾತುಗಳಲ್ಲಿ ಒಂದು ಮಾತ್ರ ಎಲ್ಲ ಮನೆಗಳಲ್ಲಿಯೂ ಒಂದೇ ಬಗೆಯದು: ಅಭ್ಯಾಸ ಮುಗಿಸಿಕೊಂಡು ಬಾ, ಅಲ್ಲಿಯ ರಾಜಕೀಯದ ಗೊಡವೆಗೆ ಹೋಗಬೇಡ. ರಾವೂರ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳ ಕಡೆಯಿಂದ ಹಡಗೋ ವಿಮಾನವೋ ಏರಿ ಓದಲು ಹೋಗುವುದು ಒಂದು ಕಾಲಕ್ಕೆ ಊರೆಲ್ಲ ಮಾತನಾಡಿಕೊಳ್ಳುವ ಸಂಗತಿಯಾಗಿತ್ತು. ಇಂದು ಹಾಗಿಲ್ಲ. ಗಣಿಯಲ್ಲಿ ಪರ್ಸಿ ಕಲ್ಲು ಎಬ್ಬಿಸಿದವರ ಮಕ್ಕಳು, ಸಿಮೆಂಟು ಕಾರ್ಖಾನೆಯ ಕಾರ್ಮಿಕರ ಮಕ್ಕಳು, ತೊಗರಿ ಬೆಳೆಯುವ ಒಕ್ಕಲಿಗರ ಮಕ್ಕಳು ಅಮೆರಿಕ, ಇಂಗ್ಲೆಂಡ್, ಜರ್ಮನಿಗಳ ವಿಶ್ವವಿದ್ಯಾಲಯಗಳಿಗೆ ಹೋಗುವುದುಂಟು. ಹೀಗಿರುವಾಗ ಆ ಬುದ್ಧಿಮಾತನ್ನು ಒಮ್ಮೆ ಪರಾಂಬರಿಸಿ ನೋಡುವುದು ಅಗತ್ಯವಾಗಿದೆ. ಅದು ಪ್ರೀತಿಯಿಂದ ಹುಟ್ಟಿದ ಮಾತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಸರಿಯಾದ ಮಾತಲ್ಲ.

ಶಾಲೆಗಳ ಸ್ಮರಣ ಸಂಚಿಕೆಗಳಿಗೆ ಪರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ಬರೆದು ಕಳಿಸುವ ಲೇಖನಗಳನ್ನು ಓದಿದರೆ ಈ ಬುದ್ಧಿಮಾತು ಎಷ್ಟರಮಟ್ಟಿಗೆ ಫಲಿಸಿದೆಯೆಂಬುದು ತಿಳಿದುಬರುತ್ತದೆ. ಅವುಗಳಲ್ಲಿ ಹಿಮದ ವರ್ಣನೆ ಇರುತ್ತದೆ; ರಸ್ತೆಗಳ ಶುಚಿತ್ವದ ಪ್ರಶಂಸೆ ಇರುತ್ತದೆ; ಜೋಳದ ರೊಟ್ಟಿ, ಪುಂಡಿಪಲ್ಯ ದೊರೆಯದ ಕೊರಗು ಇರುತ್ತದೆ. ಆ ರಸ್ತೆಯನ್ನು ಶುಚಿಯಾಗಿ ಇಡುವುದಕ್ಕೆ ಕರ ಯಾರಿಂದ ವಸೂಲಾಗುತ್ತದೆ, ಆ ಲೆಕ್ಕವನ್ನು ಯಾವ ಸಭೆಯ ಮುಂದೆ ಓದಲಾಗುತ್ತದೆ, ಸಾಮಾನ್ಯ ಗೃಹಸ್ಥನೊಬ್ಬನು ಎದ್ದು ನಿಂತು ಪ್ರಶ್ನೆ ಕೇಳಿದರೆ ಉತ್ತರ ದೊರೆಯುತ್ತದೆಯೇ ಎಂಬ ವಿಷಯ ಮಾತ್ರ ಇರುವುದಿಲ್ಲ. ಪುಂಡಿಪಲ್ಯದ ಕೊರಗು ನಿಜವಾದುದೇ, ಅದನ್ನು ಹಗುರಾಗಿ ಎಣಿಸಬೇಕಾಗಿಲ್ಲ. ಆದರೆ ಎರಡು ವರ್ಷ ಒಂದು ನಾಡಿನಲ್ಲಿದ್ದು ಆ ನಾಡು ತನ್ನನ್ನು ತಾನು ಆಳಿಕೊಳ್ಳುವ ಬಗೆಯನ್ನು ನೋಡದೆ ಮರಳುವುದೆಂದರೆ ಜಾತ್ರೆಗೆ ಹೋಗಿ ತೇರು ನೋಡದೆ ಬಂದಂತೆ.

ಈ ಭಾಗದ ಹಿರಿಯರಲ್ಲಿ ರಾಜಕೀಯದ ಬಗೆಗೆ ಅಂಜಿಕೆ ನೆಲೆಸಿದ್ದಕ್ಕೆ ಕಾರಣಗಳು ಇಲ್ಲದಿಲ್ಲ. ಧಾರವಾಡ, ಬೆಳಗಾವಿಗಳ ಕನ್ನಡಿಗರು ಪತ್ರಿಕೆ ನಡೆಸಿ, ಸಭೆ ಕೂಡಿಸಿ ವಾದಿಸುತ್ತಿದ್ದ ಕಾಲದಲ್ಲಿ ಕಲಬುರಗಿ ಸೀಮೆ ನಿಜಾಮರ ಆಡಳಿತಕ್ಕೆ ಒಳಪಟ್ಟಿತ್ತು. ಸಭೆ ಸೇರಬೇಕಾದರೆ ಮೊದಲೇ ಸರಕಾರದ ಅನುಮತಿ ಪಡೆಯಬೇಕೆಂಬ ‘ಗಶ್ತಿ ನಿಶಾನ್ 53’ ಎಂಬ ಆಜ್ಞೆ ಆ ಸಂಸ್ಥಾನದಲ್ಲಿ ಕುಖ್ಯಾತವಾಗಿತ್ತು. 1918ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆ ಉರ್ದು. ಕನ್ನಡದ ಮನೆಯಿಂದ ಬಂದ ಹುಡುಗ ಅಲ್ಲಿಯವರೆಗೆ ತಲುಪುವುದೇ ದೊಡ್ಡ ಯಾತ್ರೆ. ಸಮುದ್ರ ದಾಟುವ ಮಾತು ದೂರ ಉಳಿಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುದಾರಿ ಆಗಿ, ಮುಂಬಯಿಯ ಬಂದರಕ್ಕೂ ನಿಜಾಮರ ರಾಜಧಾನಿಗೂ ನಡುವೆ ವಾಡಿಯೇ ಕೂಡುದಾಣವಾದರೂ, ಆ ಗಾಡಿಗಳಲ್ಲಿ ಮುಂಬಯಿಗೆ ಹೋಗಿ ಹಡಗು ಏರಿದವರಲ್ಲಿ ಈ ಸೀಮೆಯ ಒಕ್ಕಲು ಮಕ್ಕಳು ವಿರಳ. 1948ರ ಸೆಪ್ಟೆಂಬರಿನ ತನಕ ಇದೇ ಸ್ಥಿತಿ. ಬಾಯಿ ಬಿಟ್ಟರೆ ಅಪಾಯ ಎಂಬುದನ್ನು ಕಣ್ಣಾರೆ ಕಂಡ ತಲೆಮಾರು ಮಕ್ಕಳಿಗೂ ಮೊಮ್ಮಕ್ಕಳಿಗೂ ಅದನ್ನೇ ಹೇಳಿಕೊಟ್ಟರೆ ಆಶ್ಚರ್ಯಪಡಬೇಕಾದುದೇನು?

ಇತ್ತೀಚಿನ ವಿದ್ಯಮಾನಗಳೂ ಆ ಅಂಜಿಕೆಗೆ ಬಲ ಕೊಟ್ಟಿವೆ. 2025ರ ವಸಂತದಲ್ಲಿ ಅಮೆರಿಕದ ಸರಕಾರವು ಪರದೇಶೀಯ ವಿದ್ಯಾರ್ಥಿಗಳ ವೀಸಾಗಳನ್ನು ದೊಡ್ಡ ಸಂಖ್ಯೆಯಲ್ಲಿ ರದ್ದುಪಡಿಸಿತು. ಕೆಲವರ ಮೇಲಿದ್ದ ಆಕ್ಷೇಪಣೆ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆದ ಪ್ರತಿಭಟನೆಗಳಲ್ಲಿ ಭಾಗವಹಿಸಿದರೆಂಬುದು. ಅದೇ ವರ್ಷದ ಜೂನ್ ತಿಂಗಳಲ್ಲಿ, ವಿದ್ಯಾರ್ಥಿ ವೀಸಾ ಬೇಡುವವರು ಸಾಮಾಜಿಕ ಜಾಲತಾಣಗಳಲ್ಲಿಯ ತಮ್ಮ ಖಾತೆಗಳನ್ನು ಅಧಿಕಾರಿಗಳ ಪರಿಶೀಲನೆಗೆ ತೆರೆದಿಡಬೇಕೆಂಬ ನಿಯಮ ಬಂದಿತು. 2024ರಲ್ಲಿ ಕೆನಡಾ ದೇಶವು ಹೊಸ ವಿದ್ಯಾರ್ಥಿಗಳ ಪ್ರವೇಶಕ್ಕೆ ಮಿತಿ ಹಾಕಿತು. ಇಂಗ್ಲೆಂಡು ಬಹುಪಾಲು ಪರದೇಶೀಯ ವಿದ್ಯಾರ್ಥಿಗಳು ಪತಿಪತ್ನಿಯರನ್ನೂ ಮಕ್ಕಳನ್ನೂ ಕರೆತರದಂತೆ ನಿರ್ಬಂಧಿಸಿತು. ಹೊಲ ಅಡವಿಟ್ಟು, ಬ್ಯಾಂಕಿನಲ್ಲಿ ಸಾಲ ತೆಗೆದು ಮಗನನ್ನೋ ಮಗಳನ್ನೋ ಕಳಿಸಿದ ತಂದೆತಾಯಿಗಳಿಗೆ ಇವು ಕೇವಲ ವೃತ್ತಪತ್ರಿಕೆಯ ಸುದ್ದಿಗಳಲ್ಲ. ಆದರೆ ಗಮನಿಸತಕ್ಕ ಸಂಗತಿಯೊಂದಿದೆ. ಮನೆಮಂದಿಯ ನಿದ್ದೆಗೆಡಿಸಿದ ಈ ನಿರ್ಣಯಗಳೆಲ್ಲವೂ ರಾಜಕೀಯ ನಿರ್ಣಯಗಳೇ. ವಿದ್ಯಾರ್ಥಿಯು ರಾಜಕೀಯದ ಗೊಡವೆ ಬಿಟ್ಟರೂ ರಾಜಕೀಯ ಅವನ ಗೊಡವೆ ಬಿಡಲಿಲ್ಲ.

ಈ ಸಂಕಟ ಹೊಸದೇನೂ ಅಲ್ಲ. ಒಂದು ಶತಮಾನಕ್ಕೂ ಹಿಂದೆ ಇದೇ ಅಮೆರಿಕದಲ್ಲಿ ಕನ್ನಡನಾಡಿನ ಒಬ್ಬ ವಿದ್ಯಾರ್ಥಿ ಇದಕ್ಕಿಂತ ಬಿಗಿಯಾದ ಕಾಲವನ್ನು ಎದುರಿಸಿದ್ದರು. ಅವರು ಡಾಕ್ಟರ್ ನಾರಾಯಣ ಸುಬ್ಬರಾವ್ ಹರ್ಡೀಕರ. (ಬಸವ ಜಯಂತಿಯ ಪ್ರವರ್ತಕರೆಂದು ಓದುಗರೆಲ್ಲರಿಗೂ ಪರಿಚಿತರಾದ ಹರ್ಡೇಕರ ಮಂಜಪ್ಪನವರೇ ಬೇರೆ, ಇವರೇ ಬೇರೆ, ಹೆಸರಿನ ಸಾಮ್ಯದಿಂದ ಇಬ್ಬರನ್ನೂ ಒಬ್ಬರೆಂದು ತಿಳಿಯುವುದುಂಟು.) 1889ರಲ್ಲಿ ಧಾರವಾಡದಲ್ಲಿ ಜನಿಸಿದ ಹರ್ಡೀಕರರು ಕಲಕತ್ತೆಯಲ್ಲಿ ವೈದ್ಯಶಾಸ್ತ್ರ ಓದಿ 1913ರಲ್ಲಿ ಅಮೆರಿಕಕ್ಕೆ ಹೋದರು, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯಶಾಸ್ತ್ರ ಅಭ್ಯಾಸ ಮಾಡಿ ಸ್ನಾತಕೋತ್ತರ ಪದವಿ ಪಡೆದರು. ಅಲ್ಲಿಗೆ ಅವರ ಓದು ಮುಗಿದಿತ್ತು. ಹಿರಿಯರ ಬುದ್ಧಿಮಾತಿನಂತೆ ಮರಳಿ ಬಂದಿದ್ದರೆ ಧಾರವಾಡಕ್ಕೆ ಒಬ್ಬ ಒಳ್ಳೆಯ ವೈದ್ಯರು ದೊರೆಯುತ್ತಿದ್ದರು. ಅವರು 1921ರವರೆಗೆ ಅಲ್ಲಿಯೇ ನಿಂತರು.

ಆ ಕಾಲದ ಅಮೆರಿಕ ಹೇಗಿತ್ತೆಂಬುದನ್ನು ನೆನೆಯಬೇಕು. 1913ರಲ್ಲಿ ಅಲ್ಲಿಯ ಪಶ್ಚಿಮ ತೀರದ ಭಾರತೀಯರು ಗದರ್ ಪಕ್ಷವನ್ನು ಕಟ್ಟಿದ್ದರು. 1917ರ ಫೆಬ್ರುವರಿಯಲ್ಲಿ ಬಂದ ವಲಸೆಯ ಕಾಯಿದೆ ಭಾರತವೂ ಸೇರಿದಂತೆ ಏಷ್ಯದ ಬಹುಭಾಗದ ಕೂಲಿಕಾರರಿಗೆ ಅಮೆರಿಕದ ಬಾಗಿಲು ಮುಚ್ಚಿತು. ಏಪ್ರಿಲಿನಲ್ಲಿ ಆ ದೇಶ ಮಹಾಯುದ್ಧಕ್ಕೆ ಇಳಿದು ಬ್ರಿಟನ್ನಿನ ಮಿತ್ರನಾಯಿತು. ಜರ್ಮನಿಯೊಡನೆ ಸೇರಿ ಒಳಸಂಚು ನಡೆಸಿದರೆಂಬ ಆರೋಪದ ಮೇಲೆ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಭಾರತೀಯರ ವಿಚಾರಣೆ ಆರಂಭವಾಗಿ 1918ರ ಏಪ್ರಿಲಿನಲ್ಲಿ ಶಿಕ್ಷೆಯಲ್ಲಿ ಮುಗಿಯಿತು. ಬ್ರಿಟಿಷ್ ಗುಪ್ತಚಾರರು ಭಾರತೀಯ ವಿದ್ಯಾರ್ಥಿಗಳ ಬೆನ್ನ ಹಿಂದೆಯೇ ಇದ್ದರು. ಇಂತಹ ದಿನಗಳಲ್ಲಿ, 1917ರ ಅಕ್ಟೋಬರಿನಲ್ಲಿ, ಲಾಲಾ ಲಜಪತರಾಯರು ನ್ಯೂಯಾರ್ಕಿನಲ್ಲಿ ಇಂಡಿಯಾ ಹೋಮ್ ರೂಲ್ ಲೀಗನ್ನು ಸ್ಥಾಪಿಸಿದರು. ಅದರ ಕಾರ್ಯಭಾರವನ್ನು ಹೊತ್ತವರಲ್ಲಿ ಹರ್ಡೀಕರರು ಮುಖ್ಯರು. 1918ರ ಜನವರಿಯಿಂದ ‘ಯಂಗ್ ಇಂಡಿಯಾ’ ಎಂಬ ಮಾಸಪತ್ರಿಕೆ ಹೊರಟಿತು. ಸದಸ್ಯರನ್ನು ನೋಂದಾಯಿಸುವುದು, ಚಂದಾ ಕೂಡಿಸುವುದು, ಕಿರುಹೊತ್ತಗೆಗಳನ್ನು ಅಚ್ಚುಹಾಕಿ ಹಂಚುವುದು, ಊರೂರಿಗೆ ಹೋಗಿ ಭಾರತದ ಸ್ಥಿತಿಯನ್ನು ವಿವರಿಸುವುದು, ಹೀಗೆ ಕೆಲಸವೆಲ್ಲ ತೆರೆದ ಬಾಗಿಲಿನದು. ಒಳಸಂಚಿನ ದಾರಿಯೂ ಎದುರಿಗೇ ಇತ್ತು. ಆ ದಾರಿ ಹಿಡಿದ ಧೀರರೂ ಇದ್ದರು. ಅವರ ತ್ಯಾಗ ಸಣ್ಣದಲ್ಲ. ಆದರೆ ಹರ್ಡೀಕರರು ಆರಿಸಿಕೊಂಡದ್ದು ಅಚ್ಚಾದ ಪುಟವನ್ನು, ಸಹಿ ಹಾಕಿದ ರಸೀದಿಯನ್ನು. ತಂದೆತಾಯಿಗಳು ಅಂಜುವ ರಾಜಕೀಯ ಒಂದು, ಇದು ಇನ್ನೊಂದು. ಇವೆರಡನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದಲೇ ಗೊಂದಲ ಹುಟ್ಟುತ್ತದೆ.

ಹರ್ಡೀಕರರ ಕಣ್ಣೆದುರಿಗೆ ಜಗತ್ತಿನ ದೊಡ್ಡ ನಾಟಕವೊಂದು ನಡೆಯಿತು. 1918ರ ಜನವರಿಯಲ್ಲಿ ಅಧ್ಯಕ್ಷ ವುಡ್ರೋ ವಿಲ್ಸನ್ನರು ತಮ್ಮ ಹದಿನಾಲ್ಕು ಅಂಶಗಳನ್ನು ಸಾರಿದರು. ಪ್ರತಿಯೊಂದು ಜನಾಂಗಕ್ಕೂ ತನ್ನ ಭವಿತವ್ಯವನ್ನು ತಾನೇ ನಿರ್ಣಯಿಸುವ ಹಕ್ಕಿದೆಯೆಂಬ ಆಸೆ ಅಧೀನ ದೇಶಗಳಲ್ಲೆಲ್ಲ ಚಿಗುರಿತು. ಅದೇ ವರ್ಷದ ಕೊನೆಗೆ ದೆಹಲಿಯ ಕಾಂಗ್ರೆಸ್ ಅಧಿವೇಶನವು ಶಾಂತಿ ಸಮ್ಮೇಲನಕ್ಕೆ ಲೋಕಮಾನ್ಯ ತಿಲಕರನ್ನು ಪ್ರತಿನಿಧಿಗಳಲ್ಲೊಬ್ಬರಾಗಿ ಆರಿಸಿತು. ಸರಕಾರ ಅವರಿಗೆ ಪ್ಯಾರಿಸ್ಸಿಗೆ ಹೋಗಲು ಪಾಸ್‌ಪೋರ್ಟು ಕೊಡಲಿಲ್ಲ. 1919ರಲ್ಲಿ ಭಾರತದ ಹೆಸರಿನಿಂದ ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಹಾಕಿದವರು ಬ್ರಿಟಿಷ್ ಮಂತ್ರಿ ಮಾಂಟೆಗ್ಯೂ ಹಾಗೂ ಬಿಕಾನೇರಿನ ಮಹಾರಾಜರು. ಇತ್ತ ಸ್ವಯಂನಿರ್ಣಯದ ಮಾತನ್ನಾಡಿದ ವಿಲ್ಸನ್ನರ ಆಡಳಿತವೇ ವಾಷಿಂಗ್ಟನ್ನಿನ ಸರಕಾರಿ ಕಚೇರಿಗಳಲ್ಲಿ ಕರಿಯ ನೌಕರರನ್ನು ಬಿಳಿಯರಿಂದ ಬೇರ್ಪಡಿಸಿ ಕೂಡಿಸಿತ್ತು. 1919ರ ಬೇಸಗೆಯಲ್ಲಿ ಅಮೆರಿಕದ ಹತ್ತಾರು ಊರುಗಳಲ್ಲಿ ಕರಿಯರ ಮೇಲೆ ರಕ್ತಪಾತ ನಡೆಯಿತು. ದೂರದಿಂದ ಭಾಷಣವನ್ನು ಮಾತ್ರ ಓದಿದವನಿಗೆ ಒಂದು ಅಮೆರಿಕ ಕಾಣುತ್ತದೆ. ಅಲ್ಲಿ ಬಾಡಿಗೆಯ ಕೋಣೆಯಲ್ಲಿದ್ದು ಬೆಳಗಿನ ಪತ್ರಿಕೆ ಓದುವವನಿಗೆ ಎರಡೂ ಕಾಣುತ್ತವೆ. ಪರದೇಶದ ವಿದ್ಯಾರ್ಥಿಗೆ ಇರುವ ಅನುಕೂಲ ಇದೇ. ಯಾವ ಗ್ರಂಥಾಲಯವೂ ಇದಕ್ಕೆ ಬದಲಾಗಲಾರದು.

ಇಲ್ಲಿ ಲಜಪತರಾಯರ ಒಂದು ಗ್ರಂಥದ ಪ್ರಸ್ತಾಪ ಉಚಿತವಾದೀತು. 1916ರಲ್ಲಿ ಅವರು ಅಮೆರಿಕ ಸಂಯುಕ್ತ ಸಂಸ್ಥಾನಗಳನ್ನು ಕುರಿತು ಇಂಗ್ಲಿಷಿನಲ್ಲಿ ದೊಡ್ಡ ಪುಸ್ತಕವೊಂದನ್ನು ಪ್ರಕಟಿಸಿದರು. ಅಲ್ಲಿಯ ಶಾಲೆಗಳನ್ನೂ ಸ್ತ್ರೀಯರ ಸ್ಥಿತಿಗತಿಯನ್ನೂ ವಿವರಿಸುವುದರೊಡನೆ ಕರಿಯರ ಪ್ರಶ್ನೆಯನ್ನು ಅವರು ವಿಸ್ತಾರವಾಗಿ ಪರಿಶೀಲಿಸಿದರು. ಬೂಕರ್ ವಾಷಿಂಗ್ಟನ್, ಡುಬೋಯ್ಸ್ ಮೊದಲಾದ ಮುಖಂಡರನ್ನು ಸ್ವತಃ ಕಂಡಿದ್ದರು. ಆದರೆ ಆ ಪರಿಶೀಲನೆ ಅಮೆರಿಕದ ಪಾಪವನ್ನು ಎತ್ತಿ ತೋರಿಸುವಲ್ಲಿಗೆ ನಿಲ್ಲಲಿಲ್ಲ. ಅದನ್ನು ಭಾರತದ ಜಾತಿಪದ್ಧತಿಗೂ ಅಸ್ಪೃಶ್ಯತೆಗೂ ಹೋಲಿಸಿ ನೋಡುವ ಪ್ರಾಮಾಣಿಕತೆ ಅವರಲ್ಲಿತ್ತು. ಪರದೇಶದ ದೋಷವನ್ನು ಕಂಡು ಸ್ವದೇಶದ ಬಗೆಗೆ ಹೆಮ್ಮೆಪಡುವುದು ಸುಲಭ. ಪರದೇಶದ ಗುಣವನ್ನು ಕಂಡು ಸ್ವದೇಶವನ್ನು ಹಳಿಯುವುದು ಇನ್ನೂ ಸುಲಭ. ಇವೆರಡನ್ನೂ ಬಿಟ್ಟು ಕಂಡದ್ದನ್ನು ತನ್ನ ಊರಿನ ಮೇಲೆ ಇಟ್ಟು ಅಳೆಯುವವರು ಅಪರೂಪ.

ಓದಿನ ಕಡೆಗೇ ಮನಸ್ಸಿಡಬೇಕೆಂಬುವವರು ಡಾಕ್ಟರ್ ಅಂಬೇಡ್ಕರರ ನಿದರ್ಶನ ಕೊಡಬಹುದು. ಹರ್ಡೀಕರರು ಅಮೆರಿಕಕ್ಕೆ ಹೋದ 1913ರಲ್ಲಿಯೇ ಅಂಬೇಡ್ಕರರೂ ಬರೋಡೆಯ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದರು. ಅವರು ಸಭೆಗಳಿಗಿಂತ ಗ್ರಂಥಾಲಯದಲ್ಲಿಯೇ ಹೆಚ್ಚು ಕಾಲ ಕಳೆದದ್ದು ನಿಜ. ಆದರೆ ಅವರು ಓದಿದ್ದಾದರೂ ಏನನ್ನು? ರಾಜ್ಯದ ಹಣಕಾಸನ್ನು, ಸಮಾಜಶಾಸ್ತ್ರವನ್ನು. 1916ರ ಮೇ ತಿಂಗಳಲ್ಲಿ ಅಲ್ಲಿ ಮಂಡಿಸಿದ ಪ್ರಬಂಧದ ವಿಷಯ ಭಾರತದ ಜಾತಿಗಳ ಉತ್ಪತ್ತಿ. ಗ್ರಂಥಾಲಯದ ಮೇಜಿನ ಮೇಲೆ ಇಟ್ಟ ಮಾತ್ರಕ್ಕೆ ರಾಜಕೀಯ ರಾಜಕೀಯವಾಗದೆ ಉಳಿಯುವುದಿಲ್ಲ. ಇಬ್ಬರ ಮಾರ್ಗಗಳು ಬೇರೆಯಾಗಿದ್ದವು. ಕಣ್ಣು ಮುಚ್ಚಿಕೊಂಡು ಮರಳಿದವರು ಇಬ್ಬರಲ್ಲಿ ಯಾರೂ ಅಲ್ಲ.

ಹರ್ಡೀಕರರು ಮರಳಿ ಬಂದು ಮಾಡಿದ ಕೆಲಸ ಇತಿಹಾಸಕ್ಕೆ ಸೇರಿದೆ. 1923ರಲ್ಲಿ ಹುಬ್ಬಳ್ಳಿಯ ಸೇವಾಮಂಡಳದ ಸ್ವಯಂಸೇವಕರು ನಾಗಪುರದ ಝೇಂಡಾ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿ, ಕ್ಷಮಾಪಣೆಯ ಪತ್ರಕ್ಕೆ ಸಹಿ ಹಾಕಲು ನಿರಾಕರಿಸಿ ದೇಶದ ಗಮನ ಸೆಳೆದರು. ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡ ಅಧಿವೇಶನದ ಕಾಲಕ್ಕೆ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಮಹಾತ್ಮಾ ಗಾಂಧಿಯವರು ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ, ಎಂದರೆ 1924ರ ಬೆಳಗಾವಿಯ ಅಧಿವೇಶನದಲ್ಲಿ, ಸ್ವಯಂಸೇವಕರ ವ್ಯವಸ್ಥೆ ಹರ್ಡೀಕರರದು. ಸಮವಸ್ತ್ರ, ಕವಾಯತು, ಶಿಸ್ತುಗಳು ಅಹಿಂಸೆಗೆ ಹೊಂದುವುವೇ ಎಂಬ ಸಂಶಯ ಕಾಂಗ್ರೆಸ್ಸಿನೊಳಗೇ ಕೆಲವರಿಗಿತ್ತು. ಆ ಸಂಶಯ ತಳ್ಳಿಹಾಕುವಂತಹುದಲ್ಲ. ಪರದೇಶದಲ್ಲಿ ಸಂಘಟನೆಯ ಕಲೆ ಕಲಿತು ಬಂದವರು ಇಲ್ಲಿಯ ನೆಲಕ್ಕೆ ಅದನ್ನು ಒಗ್ಗಿಸುವಾಗ ಇಂತಹ ಪ್ರಶ್ನೆಗಳನ್ನು ಎದುರಿಸಲೇಬೇಕು. ಮುಂದೆ 1952ರಿಂದ 1962ರವರೆಗೆ ಅವರು ರಾಜ್ಯಸಭೆಯ ಸದಸ್ಯರಾಗಿದ್ದರು. 1975ರಲ್ಲಿ ತೀರಿಕೊಂಡರು.

ಕಲಬುರಗಿಗೆ ಇನ್ನೂ ಸಮೀಪದ ಉದಾಹರಣೆಯೊಂದಿದೆ. 2015ರ ನವೆಂಬರ್ 14ರಂದು ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ವಿಶ್ವಗುರು ಬಸವಣ್ಣನವರ ಪ್ರತಿಮೆಯನ್ನು ಅನಾವರಣಗೊಳಿಸಿದ ಸಂಗತಿ ಓದುಗರಿಗೆ ನೆನಪಿದ್ದೇ ಇದೆ. ಅದಕ್ಕಾಗಿ ಶ್ರಮಿಸಿದವರು ಕಲಬುರಗಿ ಜಿಲ್ಲೆಯವರಾದ ಡಾಕ್ಟರ್ ನೀರಜ ಪಾಟೀಲರು. ವೈದ್ಯರಾಗಿ ಇಂಗ್ಲೆಂಡಿಗೆ ಹೋದ ಅವರು ಅಲ್ಲಿಯ ಲೇಬರ್ ಪಕ್ಷದಿಂದ ಲ್ಯಾಂಬೆತ್ ನಗರಸಭೆಗೆ ಆರಿಸಿ ಬಂದು 2010–11ರಲ್ಲಿ ಅದರ ಮೇಯರರಾಗಿದ್ದರು. ಪ್ರತಿಮೆಯ ಛಾಯಾಚಿತ್ರಗಳು ಈ ಭಾಗದ ಮಠಗಳಲ್ಲಿಯೂ ಮನೆಗಳಲ್ಲಿಯೂ ಗೋಡೆಯನ್ನೇರಿವೆ. ಆದರೆ ಆ ಪ್ರತಿಮೆ ಅಲ್ಲಿ ನಿಂತದ್ದು ಕೇವಲ ಭಕ್ತಿಯಿಂದಲ್ಲ, ಸ್ಥಳೀಯ ರಾಜಕಾರಣದ ಒಳಹೊರಗನ್ನು ತಿಳಿದವರ ಪರಿಶ್ರಮದಿಂದ ಎಂಬುದನ್ನು ಹೇಳುವವರು ಕಡಿಮೆ. ಗೊಡವೆ ಬೇಡವೆಂದು ಅವರು ಆಸ್ಪತ್ರೆ ಮತ್ತು ಮನೆಗಳ ನಡುವೆಯೇ ಓಡಾಡಿಕೊಂಡಿದ್ದರೆ ಗೋಡೆಯ ಮೇಲೆ ಆ ಚಿತ್ರ ಇರುತ್ತಿರಲಿಲ್ಲ.

ಇಂಗ್ಲೆಂಡಿನ ಕಾನೂನಿನಲ್ಲಿ ಮತ್ತೊಂದು ವಿಶೇಷವಿದೆ. ಅಲ್ಲಿ ವಾಸವಾಗಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಮತದಾನದ ಹಕ್ಕುಂಟು. ವಿದ್ಯಾರ್ಥಿಗಳೂ ಇದಕ್ಕೆ ಹೊರತಲ್ಲ. 2024ರ ಜುಲೈ 4ರಂದು ಆ ದೇಶದ ಸಾರ್ವತ್ರಿಕ ಚುನಾವಣೆ ನಡೆದಾಗ, ಹೆಸರು ನೋಂದಾಯಿಸಿಕೊಂಡ ಭಾರತೀಯ ವಿದ್ಯಾರ್ಥಿ ಅಲ್ಲಿಯ ಸರಕಾರವನ್ನು ಆರಿಸುವುದರಲ್ಲಿ ಪಾಲ್ಗೊಳ್ಳಬಹುದಾಗಿತ್ತು. ಅದಕ್ಕೆ ಎರಡು ತಿಂಗಳ ಹಿಂದೆ, ಮೇ 7ರಂದು, ಕಲಬುರಗಿಯಲ್ಲಿ ಲೋಕಸಭೆಗೆ ಮತದಾನ ನಡೆದಾಗ ಅದೇ ವಿದ್ಯಾರ್ಥಿ ಮತ ಹಾಕಬೇಕಾಗಿದ್ದರೆ ವಿಮಾನ ಹತ್ತಿ ಊರಿಗೆ ಬರಬೇಕಾಗಿತ್ತು. ವಿದ್ಯಾರ್ಥಿಯ ಮಾತು ಹಾಗಿರಲಿ. ಚಿಂಚೋಳಿ, ಸೇಡಂ ತಾಲೂಕುಗಳಿಂದ ಪುಣೆ, ಮುಂಬಯಿ, ಹೈದರಾಬಾದುಗಳ ಕಟ್ಟಡದ ಕೆಲಸಕ್ಕೆ ಗುಳೆ ಹೋದ ಕೂಲಿಯವನ ಮತ ಊರಿನಲ್ಲಿ, ಮೈ ಪರಊರಿನಲ್ಲಿ. ಒಂದು ದಿನದ ಕೂಲಿ ಕಳೆದುಕೊಂಡು, ಗಾಡಿಯ ಖರ್ಚು ಕೊಟ್ಟು ಬಂದರೆ ಮತ, ಇಲ್ಲವಾದರೆ ಇಲ್ಲ. ಇಂತಹವರಿಗಾಗಿ ಇದ್ದ ಊರಿನಿಂದಲೇ ಮತ ಹಾಕುವ ಯಂತ್ರವೊಂದನ್ನು ಚುನಾವಣಾ ಆಯೋಗ 2022ರ ಡಿಸೆಂಬರಿನಲ್ಲಿ ಪ್ರಸ್ತಾಪಿಸಿ, 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು. ಹಲವು ಪಕ್ಷಗಳು ಸಂಶಯ ವ್ಯಕ್ತಪಡಿಸಿದವು. 2024ರ ಚುನಾವಣೆಯಲ್ಲಿ ಅದು ಬಳಕೆಗೆ ಬರಲಿಲ್ಲ. ಪರದೇಶದಲ್ಲಿ ಮತಗಟ್ಟೆಯೊಳಗೆ ನಿಂತ ಚಿಂಚೋಳಿಯ ಹುಡುಗಿಗೆ ಪುಣೆಯಲ್ಲಿ ಗಾರೆ ಕಲಸುತ್ತಿರುವ ತನ್ನೂರಿನ ಕಕ್ಕ ನೆನಪಾದರೆ ಆಕೆಯ ಓದು ಸಾರ್ಥಕ. ಆ ಹೋಲಿಕೆಯನ್ನು ಆಕೆ ಬರೆದು ಕಳಿಸಿದರೆ ಊರಿನವರ ಓದೂ ಸಾರ್ಥಕ.

ಪರದೇಶದಲ್ಲಿರುವವರ ಮಾತೆಲ್ಲವೂ ಬೆಲೆಯುಳ್ಳದ್ದೆಂದು ಇದರಿಂದ ಅರ್ಥವಾಗಬಾರದು. ಅಲ್ಲಿಯ ರಾಜಕೀಯವನ್ನು ನೋಡದೆ ಇಲ್ಲಿಯ ರಾಜಕೀಯಕ್ಕೆ ಮಾತ್ರ ಕೈಹಾಕುವ ಒಂದು ವರ್ಗ ಬೆಳೆಯುತ್ತಿದೆ. ಸಾವಿರಾರು ಮೈಲಿ ಆಚೆ ಕುಳಿತು, ಮೊಬೈಲಿನಲ್ಲಿ ಬಂದ ಅರ್ಧ ಸುದ್ದಿಯನ್ನು ನಂಬಿ, ಊರಿನ ಜಾತಿ ಜಾತಿಗಳ ನಡುವೆ, ಧರ್ಮ ಧರ್ಮಗಳ ನಡುವೆ ಕಿಡಿ ಎಸೆಯುವುದು. ಉರಿ ಎದ್ದರೆ ಸುಡುವುದು ಅವರ ಮನೆಯಲ್ಲ. ಇನ್ನು ಕೆಲವರು ಅಲ್ಲಿ ಅಲ್ಪಸಂಖ್ಯಾತರಾಗಿ ತಮಗೆ ಸಮಾನ ಗೌರವ ಬೇಕೆಂದು ಕೇಳುತ್ತಾರೆ, ಅದು ನ್ಯಾಯವೇ. ಇಲ್ಲಿಯ ಅಲ್ಪಸಂಖ್ಯಾತರು ಅದನ್ನೇ ಕೇಳಿದರೆ ಸಿಡಿಮಿಡಿಗೊಳ್ಳುತ್ತಾರೆ. ಇಂತಹವರಿಗೆ ಸನ್ನತಿಯ ಕಲ್ಲನ್ನು ತೋರಿಸಬೇಕು. ಇದೇ ಚಿತ್ತಾಪುರ ತಾಲೂಕಿನ ಭೀಮಾತೀರದ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಯ ಗುಡಿ 1986ರಲ್ಲಿ ಕುಸಿದಾಗ ದೊರೆತ ಶಿಲಾಫಲಕದ ಮೇಲೆ ಅಶೋಕನ ಹನ್ನೆರಡನೆಯ ಶಾಸನದ ಭಾಗವಿದೆ. ತನ್ನ ಪಂಥವನ್ನು ಹೊಗಳುವುದರಲ್ಲಿ, ಪರಪಂಥವನ್ನು ತೆಗಳುವುದರಲ್ಲಿ ನಾಲಿಗೆಗೆ ಹಿಡಿತವಿರಬೇಕು, ಒಬ್ಬರು ಇನ್ನೊಬ್ಬರ ಧರ್ಮವನ್ನು ಕಿವಿಗೊಟ್ಟು ಕೇಳಬೇಕು ಎಂಬುದು ಆ ಶಾಸನದ ತಾತ್ಪರ್ಯ. ಪರದೇಶದಲ್ಲಿರುವವನಿಗೆ ಇದಕ್ಕಿಂತ ಉಪಯುಕ್ತವಾದ ಕೈಪಿಡಿ ಬೇಕಿಲ್ಲ, ಮತ್ತು ಅದು ದೊರೆತದ್ದು ಅವನ ತಾಲೂಕಿನಲ್ಲಿಯೇ.

ಶರಣರ ಕಲ್ಯಾಣವಾದರೂ ಪರಊರಿನವರಿಂದ ತುಂಬಿದ ಊರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದಲೂ ಆದಯ್ಯನವರು ಸೌರಾಷ್ಟ್ರದಿಂದಲೂ ಕನ್ನಡನಾಡಿಗೆ ಬಂದರೆಂದು, ಮರುಳಶಂಕರದೇವರು ಅದಕ್ಕೂ ಆಚೆಯ ದೇಶದವರೆಂದು ಸಂಪ್ರದಾಯ ಹೇಳುತ್ತದೆ. ಬಂದವರಿಗೆ ನಿಮ್ಮ ಸಾಧನೆ ನೀವು ಮುಗಿಸಿಕೊಳ್ಳಿ, ಇಲ್ಲಿಯ ವಿಚಾರ ನಿಮಗೇಕೆ ಎಂದು ಅನುಭವ ಮಂಟಪದಲ್ಲಿ ಯಾರೂ ಹೇಳಿದಂತೆ ತೋರುವುದಿಲ್ಲ. ಅವರ ವಚನಗಳು ಕನ್ನಡದಲ್ಲಿಯೇ ಉಳಿದಿವೆ.

ದಾನಿಗಳನ್ನು ಕುರಿತು ಒಂದು ಮಾತು. ಶಿರಸಂಗಿಯ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾಗುವ ಮೊದಲು ತಮ್ಮ ಆಸ್ತಿಯನ್ನು ವಿದ್ಯೆಗಾಗಿ ಮೃತ್ಯುಪತ್ರದಲ್ಲಿ ಬರೆದಿಟ್ಟದ್ದರಿಂದ ಎಷ್ಟೋ ಬಡ ಮನೆಗಳ ಮಕ್ಕಳು ಉನ್ನತ ವಿದ್ಯೆ ಪಡೆದರು. ಅಂತಹ ದಾನದ ಪರಂಪರೆ ಈ ಭಾಗದಲ್ಲಿಯೂ ಬೆಳೆಯುತ್ತಿರುವುದು ಸಂತೋಷದ ಸಂಗತಿ. ವಿದ್ಯಾರ್ಥಿವೇತನ ಕೊಡುವಾಗ ಅಂಕಪಟ್ಟಿಯನ್ನು ಕೇಳುವುದು ವಾಡಿಕೆ. ಅದರೊಡನೆ, ಪರದೇಶಕ್ಕೆ ಹೋಗುವವರಿಂದ ವರ್ಷಕ್ಕೊಂದು ಪತ್ರವನ್ನೂ ಕೇಳಬಹುದು. ಕೃತಜ್ಞತೆಯ ಪತ್ರವಲ್ಲ, ಅದು ಈಗಾಗಲೇ ಬೇಕಾದಷ್ಟು ಬರುತ್ತಿದೆ. ಅಲ್ಲಿಯ ಊರಿನ ನಗರಸಭೆಯ ಒಂದು ಬೈಠಕ್ಕಿಗೆ ಹೋಗಿ ಕೂತು ಕಂಡದ್ದು, ಸರಕಾರಿ ಶಾಲೆಗೆ ಹಣ ಎಲ್ಲಿಂದ ಬರುತ್ತದೆಂದು ವಿಚಾರಿಸಿ ತಿಳಿದದ್ದು, ಗಣಿಯ ಧೂಳಿನಿಂದ ರೋಗಕ್ಕೆ ತುತ್ತಾದ ಕಾರ್ಮಿಕನಿಗೆ ಅಲ್ಲಿ ಏನು ಪರಿಹಾರ, ಅದನ್ನು ಪಡೆಯಲು ಅವನು ಎಷ್ಟು ಬಾಗಿಲು ತಟ್ಟಬೇಕು ಎಂಬಿಂತಹ ವಿಷಯಗಳನ್ನು ಬರೆಯಿಸಬೇಕು. ಸಿಮೆಂಟಿನ ಧೂಳು ಕುಡಿದು ಬೆಳೆದ ವಾಡಿ, ಶಹಾಬಾದ, ರಾವೂರಗಳಿಗೆ ಇದಕ್ಕಿಂತ ಬೇಕಾದ ಸುದ್ದಿ ಯಾವುದಿದೆ? ಸಮಾಜ ಶಾಸ್ತ್ರ ಬೋಧಿಸುವ ಗುರುಗಳು ಆ ಪತ್ರವನ್ನು ಒಂಬತ್ತನೆಯ, ಹತ್ತನೆಯ ತರಗತಿಗಳಲ್ಲಿ ಓದಿಸಬಹುದು. ಗ್ರಾಮ ಪಂಚಾಯತಿಯ ಗ್ರಾಮಸಭೆಗೆ ಮಕ್ಕಳನ್ನು ಕರೆದೊಯ್ದು ಎರಡನ್ನೂ ಹೋಲಿಸಿ ಬರೆಯಲು ಹೇಳಬಹುದು.

ಅಮೆರಿಕದಲ್ಲಿರುವವರು ಜಾಲತಾಣಗಳಲ್ಲಿ ಇಂತಹುದನ್ನು ಬರೆಯಲು ಅಳುಕುವ ಕಾಲ ಬಂದಿದೆ. ಶಾಲೆಯ ಸಂಚಿಕೆಗೆ ಅಂಚೆಯಲ್ಲಿ ಬಂದ ಪತ್ರವನ್ನು ಹೆಸರಿಲ್ಲದೆ, ‘ಒಬ್ಬ ಹಳೆಯ ವಿದ್ಯಾರ್ಥಿ’ ಎಂದಷ್ಟೇ ಅಚ್ಚುಹಾಕಲು ಸಂಪಾದಕರಿಗೆ ಅಡ್ಡಿಯೇನೂ ಇರಲಾರದು.